ಗೆರಿ ಕಾಣದ ವಿಡಿಯೋ

ವಿಡಿಯೋ ನೋಡಿ ತೀರ್ಪು ಕೊಡಬೇಕಂತ ಯಾರರ ಅಂದ್ರ ಇವತ್ತಿಗೂ ನನ್ನ ದವಡಿ ನೋಯತೈತಿ.

ಬಬಲೇಶ್ವರದಾಗ ಕಬಡ್ಡಿ ಫೈನಲ್, ಆ ಊರಿಗೂ ತಿಕೋಟಾಕ್ಕೂ. ಅಂಪೈರ್ ನಾನ. ಕೊನೀ ರೇಡಿಗೆ ಹೋದ ತಿಕೋಟಾದ ಆಟಗಾರ ಹೊರಗಿನ ಗೆರಿ ದಾಟಿದ. ಸೀಟಿ ಊದಿ ಔಟ್ ಕೊಟ್ಟೆ.

ಅವರ ಕೋಚ್ ಫೋನ್ ಹಿಡಕೊಂಡು ಓಡಿ ಬಂದ. "ನಿಧಾನಕ ಬಿಟ್ಟು ನೋಡ್ರಿ ಸರ್, ಟಿವಿ ಮ್ಯಾಚಿನ್ಯಾಗ ಅಂಪೈರ್ ನೋಡಂಗಿಲ್ಲೇನು?"

ಬಗ್ಗಿ ಫೋನಿನ್ಯಾಗ ನೋಡಿದೆ. ಕಾಲು ಸ್ವಚ್ಛ ಕಾಣತಿತ್ತು, ಗೆರಿನ ಇರಲಿಲ್ಲ. ನಮ್ಮ ಕಡೆ ಗೆರಿ ಅಂದ್ರ ಸುಣ್ಣದ ಪುಡಿ. ಅದಕ್ಕ ಅಂಟಿ ಕುಂತ ಮಂದಿ ಅರ್ಧ ಆಟದಾಗ ಒರಸಿ ಹಾಕಿದ್ರು. ಮುಂಜಾನೆ ಹಗ್ಗ ಹಿಡದು ಹಾಕಿದಾಂವ ನಾನ, ಅದು ಎಲ್ಲಿತ್ತಂತ ನನಗ ಗೊತ್ತಿತ್ತು.

"ಗೆರಿ ಎಲ್ಲೈತಿ ತೋರಸಲೇ!" ಅಂತ ತಿಕೋಟಾದಾಂವ ಒಬ್ಬ ನನ್ನ ಬಾಯಿಗೆ ಗುದ್ದಿದ. ಕುರ್ಚಿ ಹಾರಿದುವು, ಅಂಗಿ ಹರೀತು, ಬೆನ್ನಿಗೆ ಒದಿ ಬಿದ್ದುವು. ಬಿಡಸಾಕ ಬಂದ ಬಬಲೇಶ್ವರದವರು, "ಔಟ್ ಕೊಟ್ಟ ಮ್ಯಾಲೆ ಫೋನ್ ಯಾಕ ನೋಡಿದಿ?" ಅಂತ ತಾವೂ ಎರಡು ಬಿಟ್ರು.

ಆ ವಿಡಿಯೋಗಳು ವಿಜಯಪುರದ ನಮ್ಮ ಮನಿ ತನಕ ಬಂದುವು. ಗೆರಿ ಯಾರ ಫೋನಿನ್ಯಾಗೂ ಇಲ್ಲ. ನನ್ನ ಮುಂದಿನ ಹಲ್ಲು ಹಾರಿದ್ದು ಎಲ್ಲಾರ ಫೋನಿನ್ಯಾಗೂ ಐತಿ. ನಿಧಾನಕ ಬಿಟ್ಟು ನೋಡ್ಯಾರ, ಹಿಂದ ಓಡಿಸಿ ನೋಡ್ಯಾರ. ಅದರ ಬಗ್ಗೆ ಮಾತ್ರ ಎರಡೂ ಊರಾಗ ಯಾರದೂ ತಕರಾರಿಲ್ಲ.