ನರ್ಸಬಾಯಿ ಅಳೆದ ಬಾವಿಗಳು

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆಯಲು ಇಬ್ಬರು ಬಂದಿದ್ದರು. ತೊಳೆದಾದ ಮೇಲೆ ಅವರಲ್ಲೊಬ್ಬ ಬಿಳಿ ಪುಡಿಯ ಪೊಟ್ಟಣ ಹರಿದು ಅಂದಾಜಿನ ಮೇಲೆ ಒಂದಿಷ್ಟು ನೀರಿಗೆ ಸುರಿದ. ಬ್ಲೀಚಿಂಗ್ ಪೌಡರಿನ ಘಾಟು ಮೆಟ್ಟಿಲ ತನಕ ಏರಿ ಬಂತು. ನೋಡುತ್ತ ನಿಂತಿದ್ದ ನೆರೆಮನೆಯ ಹೆಂಗಸರು ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ... ನೀರು ಎಷ್ಟಿದೆ ಎಂದು ನೋಡದೆ ಪುಡಿ ಹಾಕಿದ್ದನ್ನು ಕಂಡಿದ್ದರೆ ನರ್ಸಬಾಯಿ ಸುಮ್ಮನಿರುತ್ತಿರಲಿಲ್ಲ.

ಅವರನ್ನು ಸುತ್ತಿನ ಹಳ್ಳಿಯವರೆಲ್ಲ ನರ್ಸಬಾಯಿ ಎನ್ನುತ್ತಿದ್ದರು. ನಾವಾಗ ಗುಲ್ಬರ್ಗಾ ಜಿಲ್ಲೆಯ ವಾಡಿಯಲ್ಲಿದ್ದೆವು. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕಾರಕೂನ. ನನ್ನ ಕೊನೆಯ ತಮ್ಮ ಹುಟ್ಟಿದಾಗ ಅವ್ವನ ಬಾಣಂತನಕ್ಕೆ ಬಂದುಹೋಗುತ್ತಿದ್ದ ನರ್ಸಬಾಯಿ ಆಮೇಲೆ ಮನೆಯವರಂತೆಯೇ ಆದರು. ಅವರ ಊರು ಚಿಂಚೋಳಿಯ ಆಚೆ, ತೆಲುಗು ಸೀಮೆಯ ಅಂಚಿನಲ್ಲಿ. ಕೆಲಸ ವಾಡಿಯಿಂದ ಒಂದು ಗಂಟೆ ನಡೆದರೆ ಸಿಗುವ ಹಳ್ಳಿಯಲ್ಲಿ. ಅಲ್ಲಿ ಫರಸಿ ಎಂಬ ಹಾಸುಗಲ್ಲಿನ ಒಂದೇ ಕೋಣೆಯಲ್ಲಿ ಅವರ ದವಾಖಾನೆ, ಅಡುಗೆ, ಹಾಸಿಗೆ ಎಲ್ಲವೂ. ಗಂಡನಿದ್ದನೋ ಇಲ್ಲವೋ, ಬಿಟ್ಟನೋ ಇವರೇ ಬಿಟ್ಟು ಬಂದರೋ ಯಾರೂ ಕೇಳಿದ್ದಿಲ್ಲ. ಬಾಣಂತಿಯರ ಮನೆಗಳಲ್ಲಿ ಎಷ್ಟು ಒತ್ತಾಯ ಮಾಡಿದರೂ ಅವರು ಊಟಕ್ಕೆ ಕೂರುತ್ತಿರಲಿಲ್ಲ. ತಮ್ಮ ಕೋಣೆಗೆ ಹೋಗಿ, ರೊಟ್ಟಿ ಬಡಿದುಕೊಂಡು, ಬಾಗಿಲ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಧಾರವಾಡದಲ್ಲಿ ಭೂಗೋಳದ ಎಂ.ಎ. ಮುಗಿಸಿದ್ದೆ. ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆ. ಅದಕ್ಕೆ ಮೊದಲು ಒಂದು ಪ್ರಸ್ತಾವ ಬರೆದು ಒಪ್ಪಿಸಬೇಕು: ಏನನ್ನು ಹುಡುಕುತ್ತೇನೆ, ಯಾಕೆ, ಎಲ್ಲಿ, ಹೇಗೆ. ಪರಿಸರ ನಿರ್ವಹಣೆ ಎಂಬ ಮಾತು ಆಗಷ್ಟೇ ನಮ್ಮ ತರಗತಿಗಳಿಗೆ ಬಂದಿತ್ತು. ಆ ಹೊಸ ಮಾತಿನ ಮೋಹದಲ್ಲಿ ನಾನು ಇಡೀ ಗುಲ್ಬರ್ಗಾ ಜಿಲ್ಲೆಯ ನೀರು, ಮಣ್ಣು, ಕಲ್ಲು, ಬೆಳೆ ಎಲ್ಲವನ್ನೂ ತುಂಬಿ ಮೂವತ್ತು ಪುಟ ಬರೆದುಕೊಂಡು ಹೋದೆ. ನನ್ನ ಮಾರ್ಗದರ್ಶಕರು ಅರ್ಧ ಓದಿ ಮಡಚಿ ಕೈಗೆ ಕೊಟ್ಟರು.

"ಎಲ್ಲಾ ಬರದೀ. ಇದ್ರಾಗ ನಿನ್ನ ಪ್ರಶ್ನೆ ಎಲ್ಲೈತಿ?" ಎಂದು ಕೇಳಿದರು.

ಎರಡು ತಿಂಗಳ ಗಡುವು ಕೊಟ್ಟರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ವಾಡಿಗೆ ಬಂದಿಳಿದೆ. ಅಪ್ಪ ತರಿಸಿಟ್ಟ ಬಿ.ಎಡ್. ಅರ್ಜಿಯ ಫಾರಮು ಆಗಲೇ ಕಪಾಟಿನಲ್ಲಿತ್ತು. ಸೇಡಂನ ಒಂದು ಮನೆತನದವರು ಬಂದು ನೋಡಿ ಹೋಗುವ ಮಾತೂ ನಡೆದಿತ್ತು. ಈ ವರ್ಷ ಸಂಶೋಧನೆಗೆ ಸೀಟು ಸಿಗದಿದ್ದರೆ ಅಪ್ಪನನ್ನು ಮತ್ತೆ ಕೇಳುವ ಧೈರ್ಯ ನನಗೂ ಇರಲಿಲ್ಲ.

ಮನೆಯಲ್ಲಿ ಕೂರಲಾಗದೆ ನರ್ಸಬಾಯಿಯವರ ಹಿಂದೆ ಹಳ್ಳಿ ಸುತ್ತತೊಡಗಿದೆ. ಮಳೆಗಾಲದ ಮೊದಲ ದಿನಗಳು. ಕಾಲರಾದ ಭಯವಿದ್ದುದರಿಂದ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುತ್ತ ಹೋಗುವುದು ಅವರ ಕೆಲಸ. ಪ್ರತಿ ಬಾವಿಯ ಹತ್ತಿರ ಅವರು ಚೀಲದಿಂದ ಒಂದು ಹಗ್ಗ ತೆಗೆಯುತ್ತಿದ್ದರು. ಅದರ ತುದಿಗೆ ಕಲ್ಲು, ಮೊಳಕ್ಕೊಂದು ಗಂಟು. ಹಗ್ಗ ಇಳಿಬಿಟ್ಟು, ಕಲ್ಲು ತಳ ಮುಟ್ಟಿದ ಮೇಲೆ ಎತ್ತಿ, ಎಷ್ಟು ಗಂಟು ಒಣದಾಗಿ ಉಳಿದಿವೆ, ಎಷ್ಟು ನೆನೆದಿವೆ ಎಂದು ಎಣಿಸಿ ಒಂದು ವಹಿಯಲ್ಲಿ ಬರೆದುಕೊಂಡು, ಆಮೇಲೆಯೇ ಪುಡಿಯ ಲೆಕ್ಕ ಹಾಕುತ್ತಿದ್ದರು. ಅಷ್ಟೆಲ್ಲ ಯಾಕೆ, ಎರಡು ಮುಷ್ಟಿ ಹಾಕಿದರೆ ಆಗದೇ ಎಂದು ನಾನು ಕೇಳಿದೆ.

"ಕಡಿಮಿ ಬಿದ್ರ ರೋಗ ಸಾಯಂಗಿಲ್ಲ. ಹೆಚ್ಚು ಬಿದ್ರ ವಾಸನಿ ಬರ್ತದಂತ ಮಂದಿ ಕುಡಿಯಂಗಿಲ್ಲ, ಹಳ್ಳದ ನೀರಿಗಿ ಹೋತಾರ" ಎಂದರು. "ನೀರು ಎಷ್ಟದ ಅಂತ ಗೊತ್ತಿಲ್ದ ಏನೂ ಮಾಡಬಾರ್ದು ತಂಗಿ."

ಅಂಥ ವಹಿಗಳು ಎಷ್ಟಿವೆ ಎಂದು ಕೇಳಿದೆ. ಅವರು ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದರು. ಹನ್ನೊಂದು ವರ್ಷದ ವಹಿಗಳು. ಹಳ್ಳಿ, ಬಾವಿ, ತಾರೀಖು, ಗಂಟು... ಒಂದು ತಿಂಗಳೂ ತಪ್ಪಿರಲಿಲ್ಲ. ಮೇಲಿನವರಿಗೆ ಅವರು ಕಳಿಸಬೇಕಿದ್ದದ್ದು ಹೆರಿಗೆ, ಕುಟುಂಬ ಯೋಜನೆಯ ಆಪರೇಶನ್ ಇಷ್ಟರ ಸಂಖ್ಯೆ ಮಾತ್ರ. ಬಾವಿಯ ಆಳವನ್ನು ಯಾರೂ ಕೇಳಿರಲಿಲ್ಲ. ಒಂದು ಸಲ ತಾವಾಗಿಯೇ ಕಾಗದ ಬರೆದು, ಕೆಲವು ಬಾವಿಗಳು ಬೇಸಿಗೆಯಲ್ಲಿ ಬತ್ತುತ್ತಿವೆ ಎಂದು ತಿಳಿಸಿದ್ದರಂತೆ. ಅದಕ್ಕೆ ಉತ್ತರ ಬರಲಿಲ್ಲವಂತೆ.

ನಾನು ಫರಸಿಯ ಮೇಲೆ ಕೂತು ಇಡೀ ಮಧ್ಯಾಹ್ನ ಆ ವಹಿಗಳನ್ನು ಓದಿದೆ. ಕಾಗಿಣಾ ಹೊಳೆಯ ದಿಕ್ಕಿನ ಬಾವಿಗಳು ಬೇಸಿಗೆಯಲ್ಲಿ ಇಳಿದು ಮಳೆಗೆ ಮತ್ತೆ ಏರುತ್ತಿದ್ದವು. ಕಲ್ಲಿನ ಗಣಿಗಳ ಕಡೆಯ ಬಾವಿಗಳು ಇಳಿಯುತ್ತಿದ್ದವು, ಏರುತ್ತಿದ್ದವು, ಆದರೆ ಹಿಂದಿನ ವರ್ಷದಷ್ಟು ಏರುತ್ತಿರಲಿಲ್ಲ. ಗಣಿ ಆಳವಾದಂತೆ ಅದರಲ್ಲಿ ನಿಂತ ನೀರನ್ನು ಪಂಪು ಹಚ್ಚಿ ಹೊರಗೆ ಚೆಲ್ಲುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ಬಾವಿಗಳಿಂದಲೇ ಇಳಿದು ಬರುತ್ತಿದೆಯೇ? ಪ್ರಶ್ನೆ ಸಿಕ್ಕಿತ್ತು.

ಮುಂದಿನ ಮೂರು ವಾರ ಆ ಕೋಣೆಯೇ ನನ್ನ ಅಭ್ಯಾಸದ ಮನೆಯಾಯಿತು. ಏಳನೆಯ ಇಯತ್ತೆಯ ತನಕ ಓದಿ ನರ್ಸಿನ ತರಬೇತಿಗೆ ಹೋಗಿದ್ದ ಅವರು ನನ್ನ ಪ್ರಸ್ತಾವವನ್ನು ತಿದ್ದಿದ ರೀತಿ ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಅಧ್ಯಯನಕ್ಕೆಂದು ನಾನು ಮೊದಲು ಆರಿಸಿದ ಬಾವಿಗಳ ಪಟ್ಟಿ ನೋಡಿ ನಕ್ಕರು. ಎಲ್ಲವೂ ಡಾಂಬರು ರಸ್ತೆಯ ಪಕ್ಕದ ಬಾವಿಗಳು, ಜೀಪು ಹೋಗುವ ಕಡೆ ಮಾತ್ರ ನೀರಿರುತ್ತದೇನು ಎಂದು ಕೇಳಿದರು. ಕೇರಿಯ ಬಾವಿಯನ್ನು ಸೇರಿಸಲೇಬೇಕೆಂದರು. ಅದು ಮೊದಲು ಬತ್ತುತ್ತದೆ. ಅಲ್ಲಿಯವರಿಗೆ ಊರ ಬಾವಿಯಲ್ಲಿ ಹಗ್ಗ ಇಳಿಸಲು ಬಿಡುವುದಿಲ್ಲವಾದ್ದರಿಂದ, ಯಾವ ತಿಂಗಳು ಬತ್ತಿತು ಎಂಬುದು ಅವರಿಗೆ ಎಲ್ಲರಿಗಿಂತ ನಿಖರವಾಗಿ ನೆನಪಿರುತ್ತದೆ. ವಹಿಯಲ್ಲಿಲ್ಲದ ವರ್ಷಗಳನ್ನು ಅವರ ಹತ್ತಿರ ಕೇಳು ಎಂದರು.

ಎಲ್ಲ ತಪ್ಪನ್ನೂ ಗಣಿಯ ಮೇಲೆ ಹೊರಿಸಿ ನಾನು ಒಂದು ಪುಟ ಬರೆದಿದ್ದೆ. ಓದಿ ಹೇಳಿದಾಗ ಅವರು ಒಪ್ಪಲಿಲ್ಲ.

"ಗೌಡರ ತೋಟಕ್ಕ ಕರೆಂಟಿನ ಮೋಟಾರ್ ಬಂದು ನಾಕ ವರ್ಷ ಆತು. ಅದೂ ನೀರು ಎಳೀಲಿಕತ್ತದ. ಅದನ್ನೂ ಬರಿ. ಇಲ್ಲಂದ್ರ ಖರೇ ಇದ್ದದ್ದೂ ಸುಳ್ಳ ಆತದ."

ಆಗ ಬರೆದ ಒಂದೊಂದು ಸಾಲೂ ಹಾಗೆ ಜಗಳವಾಡಿ ಬರೆದದ್ದು. ಗಣಿಗೆ ಹತ್ತಿರದ ಬಾವಿಗಳು, ದೂರದ ಬಾವಿಗಳು, ಮೋಟಾರು ಇರುವವು, ಇಲ್ಲದವು. ನಾಲ್ಕು ಗುಂಪು ಮಾಡಿ ಎರಡು ಮಳೆಗಾಲ ಅಳೆದರೆ ಯಾವುದರಿಂದ ಎಷ್ಟು ಎಂದು ತಿಳಿಯಬಹುದು ಎಂಬಲ್ಲಿಗೆ ಬಂದು ನಿಂತೆವು. ಅಷ್ಟು ಸ್ಪಷ್ಟವಾದ ಪ್ರಸ್ತಾವವನ್ನು ನಾನು ಆಮೇಲೆ ಯಾವತ್ತೂ ಬರೆದಿಲ್ಲ.

ಹೊರಡುವ ಹಿಂದಿನ ದಿನ ಕೊನೆಯ ಪ್ರತಿ ಓದಿ ಮುಗಿಸಿದಾಗ ಅವರು ಸೆರಗಿನ ತುದಿ ತಿರುವುತ್ತ ಕೇಳಿದರು.

"ಇದ್ರಾಗ ಅಳದಾಕಿ ಹೆಸರು ಬರ್ತದೇನವಾ?"

ಖಂಡಿತ ಬರುತ್ತದೆ ಎಂದೆ. ಆಗಲೇ ನನಗೆ ಹೊಳೆದದ್ದು, ಇಷ್ಟು ವರ್ಷವಾದರೂ ಅವರ ಹೆಸರು ನನಗೆ ಗೊತ್ತಿಲ್ಲವೆಂದು. ಪೆನ್ನು ಕೊಟ್ಟೆ. ಕೊನೆಯ ಪುಟದಲ್ಲಿ ತಂದೆಯ ಹೆಸರು, ಊರಿನ ಹೆಸರು ಸಮೇತ ದುಂಡಗೆ ಬರೆದರು. ಅವರು ತಮಗಾಗಿ ಯಾರಲ್ಲಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಧಾರವಾಡದಲ್ಲಿ ಮಾರ್ಗದರ್ಶಕರಿಗೆ ಪ್ರಶ್ನೆ ಹಿಡಿಸಿತು. ಆಮೇಲೆ ಅಂಕಿಗಳು ಎಲ್ಲಿಯವು ಎಂದು ಕೇಳಿದರು. ನಾನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಗ್ಗದ ಗಂಟಿನಿಂದ ಒಬ್ಬ ನರ್ಸು ಅಳೆದದ್ದನ್ನು ಆಧಾರವೆಂದು ಸಮಿತಿಯ ಮುಂದೆ ಇಟ್ಟರೆ ನಗುತ್ತಾರೆ, ಗಣಿಯ ಸುದ್ದಿ ಬೇರೆ, ಯಾಕೆ ಬೇಕು ಎಂದರು. ಸರ್ವೆ ನಕ್ಷೆಗಳಿಂದ ಆ ಭಾಗದ ಭೂಬಳಕೆಯ ಬದಲಾವಣೆಯ ಅಧ್ಯಯನ ಮಾಡು, ಸೀಟು ಖಾತ್ರಿ ಎಂದರು. ಅವರು ಕೆಟ್ಟವರಾಗಿರಲಿಲ್ಲ. ನನಗೆ ಒಳ್ಳೆಯದಾಗಲೆಂದೇ ಹೇಳಿದರು. ನಾನು ಒಂದು ದಿನ ಹಾಸ್ಟೆಲಿನ ಕೋಣೆಯಲ್ಲಿ ಅತ್ತೆ. ಮರುದಿನ ಹೊಸದಾಗಿ ಬರೆಯಲು ಕೂತೆ. ಬಾವಿಗಳು ಹೋದವು. ಕೇರಿ ಹೋಯಿತು. ಕೊನೆಯ ಪುಟವೂ ಹೋಯಿತು. ಪ್ರಸ್ತಾವ ಒಪ್ಪಿಗೆಯಾಯಿತು.

ಒಪ್ಪಿಗೆಯಾಯಿತೆಂದು ಮಾತ್ರ ನರ್ಸಬಾಯಿಗೆ ಕಾಗದ ಬರೆದೆ. ಏನು ಒಪ್ಪಿಗೆಯಾಯಿತು ಎಂದು ಬರೆಯಲಿಲ್ಲ.

ಆಮೇಲೆ ಪ್ರತಿ ತಿಂಗಳು ಅವರಿಂದ ಇನ್‌ಲ್ಯಾಂಡ್ ಪತ್ರ ಬರತೊಡಗಿತು. ಕ್ಷೇಮ ಸಮಾಚಾರ ಎರಡು ಸಾಲು. ಉಳಿದಂತೆ ಬಾವಿಗಳು. ನಾವು ಮಾಡಿದ ನಾಲ್ಕು ಗುಂಪಿನ ಪ್ರಕಾರ, ಒಂದೊಂದರ ಎದುರಿಗೆ ಗಂಟಿನ ಲೆಕ್ಕ. ಪುಡಿ ಹಾಕುವ ಸರದಿ ಇಲ್ಲದ ಬಾವಿಗಳಿಗೂ ನನ್ನ ಸಲುವಾಗಿಯೇ ನಡೆದು ಹೋಗಿ ಅಳೆಯುತ್ತಿದ್ದರು. ಮೊದಲ ಕೆಲವು ಪತ್ರಗಳಿಗೆ ಉತ್ತರಿಸಿದೆ. ಆಮೇಲೆ ಒಡೆಯುವುದೇ ಕಷ್ಟವಾಯಿತು. ಹಾಸ್ಟೆಲಿನ ಕೋಣೆ ಬದಲಿಸುವಾಗ ಆ ಕಟ್ಟು ಎಲ್ಲಿ ಹೋಯಿತೋ... ಎಲ್ಲಿ ಹೋಯಿತೆಂದು ಹುಡುಕಲೂ ಇಲ್ಲ.

ಎರಡನೆಯ ವರ್ಷ ಅವರಿಗೆ ಚಿಂಚೋಳಿ ಕಡೆಗೆ ವರ್ಗವಾಯಿತೆಂದು ಅವ್ವ ಬರೆದಳು. ಇನ್ನು ತಡೆಯಲಾಗದೆ, ನನ್ನ ಪ್ರಸ್ತಾವದ ಪ್ರತಿ ತೆಗೆದುಕೊಂಡು ಹೋದೆ. ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಬಸ್ಸಿಳಿದು ವಿಚಾರಿಸಿದರೆ ಮನೆ ತೋರಿಸಿದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಮೈದಡವಿ, ಕುಂದ್ರು ಎಂದು ಚಾಪೆ ಹಾಸಿದರು. ಹೇಳಬೇಕೆಂದುಕೊಂಡ ಮಾತು ಹೊರಡದೆ ನಾನು ಪ್ರತಿಯನ್ನೇ ಕೈಗಿಟ್ಟೆ.

ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೇ. ಬೆರಳಿಟ್ಟು ಸಾಲು ಸಾಲಾಗಿ, ಊರಿನ ಹೆಸರು ಹುಡುಕುತ್ತ ಹೋದರು. ವಾಡಿ ಸಿಕ್ಕಿತು, ಶಹಾಬಾದ ಸಿಕ್ಕಿತು, ಚಿತ್ತಾಪುರ ಸಿಕ್ಕಿತು. ಕೊನೆಯ ಪುಟ ತಿರುವಿ ನೋಡಿದರು. ಹಿಂಬದಿಯನ್ನೂ ನೋಡಿದರು. ಆಮೇಲೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಬಾವಿ ಒಂದೂ ಇಲ್ಲಲ್ಲ ತಂಗಿ ಇದ್ರಾಗ."

ನಾನು ಕಾರಣ ಹೇಳತೊಡಗಿದೆ. ಸಮಿತಿ, ಆಧಾರ, ಗಡುವು... ಅವರು ಮಧ್ಯದಲ್ಲಿ ತಡೆದು, ಹಸಿದಿರುತ್ತೀ ಎಂದು ಎದ್ದರು. ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಅಂದು ಅವರು ನನ್ನ ಎದುರಿಗೆ ಕೂತು ಉಂಡರು. ತಮ್ಮ ಹೆಸರಿನ ಮಾತು ಎತ್ತಲೇ ಇಲ್ಲ. ಕೈ ತೊಳೆದ ಮೇಲೆ, ವಹಿಗಳನ್ನು ಕೊಡಿ, ಮುಂದೆ ಎಂದಾದರೂ ಬರೆಯುತ್ತೇನೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಬರಿಯೋ ದಿನ ಬಾ. ಕುಂತು ಇಬ್ರೂ ಕೂಡಿ ನೋಡೋಣು. ಅಲ್ಲೀತನ ಇಲ್ಲೇ ಇರ್ಲಿ."

ಮುಂದಿನ ವರ್ಷ ಬರುತ್ತೇನೆಂದೆ. ಪದವಿ ಬಂತು, ದೂರದ ಕಾಲೇಜಿನಲ್ಲಿ ನೌಕರಿ ಬಂತು. ಮದುವೆ ನಾನೇ ಬೇಡವೆಂದೆ. ಪ್ರತಿ ಬೇಸಿಗೆ ರಜೆಗೂ ಹೋಗಬೇಕೆಂದುಕೊಳ್ಳುತ್ತಿದ್ದೆ. ಬರೆಯುವ ದಿನ ಬಾ ಎಂದಿದ್ದರಲ್ಲ, ಬರೆಯಲು ಸಿದ್ಧಳಾಗದೆ ಹೇಗೆ ಹೋಗುವುದು ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಆರೇಳು ವರ್ಷ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹೋದೆ. ನಿವೃತ್ತರಾಗಿ ತಮ್ಮನ ಮನೆಗೆ ಹೋದರೆಂದು ಚಿಂಚೋಳಿಯಲ್ಲಿ ತಿಳಿಯಿತು. ಗಡಿಯ ಆ ಹಳ್ಳಿಗೆ ದಿನಕ್ಕೊಂದು ಬಸ್ಸು. ಬಾಗಿಲು ತೆರೆದ ತಮ್ಮನ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು.

"ನೀವೇನ್ರಿ ವಾಡಿ ಹುಡುಗಿ? ಬರ್ತಾಳ, ಬರ್ತಾಳ ಅಂತಿದ್ರು."

ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಟ್ರಂಕು ಮನೆಯಲ್ಲೇ ಇತ್ತು, ಅದರಲ್ಲೀಗ ಮಕ್ಕಳ ಬಟ್ಟೆ. ವಹಿಗಳನ್ನು ರದ್ದಿಗೆ ಹಾಕಿದ್ದರು. ಬರೇ ಅಂಕಿ ಇದ್ದವು, ಏನು ಅಂತ ಗೊತ್ತಾಗಲಿಲ್ಲ ಎಂದು ಆಕೆ ತಪ್ಪಿತಸ್ಥಳಂತೆ ಹೇಳಿದಳು. ಆಕೆಯದೇನು ತಪ್ಪು... ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೆ. ಸಂಜೆಯ ಬಸ್ಸಿಗೆ ಹೊತ್ತಾಗುವ ತನಕ ಅವರ ಕಟ್ಟೆಯ ಮೇಲೆ ಕೂತಿದ್ದೆ. ಆಕೆ ಚಹಾ ತಂದಿಟ್ಟಳು. ಅದು ಆರಿಹೋಯಿತು.

ಈಗ ನಾನೂ ನಿವೃತ್ತಳಾಗಿ ಬಹಳ ವರ್ಷವಾಯಿತು. ಎಷ್ಟೋ ಹುಡುಗ ಹುಡುಗಿಯರ ಪ್ರಸ್ತಾವಗಳು ನನ್ನ ಕೈ ದಾಟಿ ಹೋದವು. ಈ ಕತೆಯನ್ನು ಒಬ್ಬರಿಗೂ ಹೇಳಲಿಲ್ಲ. ಹೋದ ಬೇಸಿಗೆಯಲ್ಲಿ ಟ್ಯಾಕ್ಸಿ ಮಾಡಿಕೊಂಡು ಒಬ್ಬಳೇ ವಾಡಿಯ ಕಡೆ ಹೋಗಿದ್ದೆ. ಗೌಡರ ತೋಟದ ಬಾವಿ ಇದ್ದ ಜಾಗವೇ ಇಲ್ಲ, ಗಣಿ ಅಲ್ಲಿಯ ತನಕ ಬಂದಿದೆ. ಕೇರಿಯ ಬಾವಿಗೆ ಫರಸಿ ಮುಚ್ಚಿ ಅದರ ಮೇಲೆ ಮೋಟರ್‌ಸೈಕಲ್ ನಿಲ್ಲಿಸಿದ್ದರು. ಪಕ್ಕದ ನೆರಳಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಇದರಲ್ಲಿ ಮೊದಲು ನೀರು ಎಷ್ಟಿತ್ತು ಎಂದು ಕೇಳಿದೆ.

"ಯಾರಿಗಿ ಗೊತ್ತವ್ವಾ" ಎಂದಳು.

ಒಬ್ಬರಿಗೆ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ, ಎಷ್ಟಿತ್ತು ಎಂದು ಅವಳು ಕೇಳುತ್ತಿದ್ದಳು.