ಗಣಿಯ ತಟ್ಟೆಯ ಮೇಲಿನ ಗೆರೆ

ನೀವು ಮರೆತಿರಲಿಲ್ಲ, ಅಂಜಿನಪ್ಪನವರೇ. ಹೇಳಿದ್ದಿರಿ. ನಾನು ಬರೆದುಕೊಂಡೂ ಇದ್ದೆ — ಬರೆದುಕೊಂಡು, ಬೇಕೆಂದೇ ಮುಚ್ಚಿಟ್ಟೆ. ಮೂರು ವರ್ಷವಾಯಿತು.

ಎಂಜಿನಿಯರ್ ಆದ ನಾನು ಗಿರಿನಗರದಿಂದ ಯಡಿಯೂರಿಗೆ, ನಿಮ್ಮ ಮಗಳು ಶೋಭಾ ಅವರ ಮನೆಗೆ, ನಿಮ್ಮನ್ನು ಹುಡುಕಿಕೊಂಡು ಬಂದದ್ದು ಒಂದು ಕುತೂಹಲದಿಂದ. ನೀವು ಕೆಲಸ ಮಾಡಿದ್ದ, ಈಗ ಮುಚ್ಚಿಹೋದ ಗಣಿಯ ಬಾವಿಯಲ್ಲಿ ಕರೆಂಟ್ ಕೂಡಿಡಬಹುದೇ? ಮಧ್ಯಾಹ್ನ ಬಿಸಿಲಿನ ಕರೆಂಟ್ ಮಿಕ್ಕಾಗ ಭಾರದ ಗುಂಡೊಂದನ್ನು ಮೇಲಕ್ಕೆಳೆಯುವುದು, ಸಂಜೆ ಎಲ್ಲರೂ ದೀಪ ಹಾಕುವಾಗ ಕೆಳಗಿಳಿಸುವುದು — ಇಳಿಯುವ ಭಾರವೇ ಯಂತ್ರವನ್ನು ತಿರುಗಿಸಿ ಕರೆಂಟ್ ವಾಪಸ್ ಕೊಡುತ್ತದೆ. ನೀವು ನಂಬಲಿಲ್ಲ. ಟೆರೇಸಿನಿಂದ ಹಗ್ಗದಲ್ಲಿ ಎರಡು ಇಟ್ಟಿಗೆ ಇಳಿಬಿಟ್ಟು, ಪುಟ್ಟ ಬಲ್ಬು ಹೊತ್ತಿಸಿ ತೋರಿಸಿದೆ. ಕೈ ತಟ್ಟಿ ನಕ್ಕಿರಿ.

"ಅಯ್ಯೋ ಶಿವನೇ! ಅಷ್ಟು ವರ್ಷ ಅದೇ ಬಾವೀಲಿ ಜನಾನ ಇಳಿಸ್ದೆ, ಇಂಥದ್ದು ಹೊಳೀಲೇ ಇಲ್ವಲ್ಲ ಮೇಡಂ! ಇನ್ನೊಂದ್ಸಲ ಬಿಡಿ, ನೋಡಣ."

ಏಳು ಸಲ ಬಿಟ್ಟೆವು.

ಆಮೇಲೆ ನಿಮ್ಮ ಕೆಲಸ ತೋರಿಸಿದಿರಿ. ಮೇಲೆ ಯಂತ್ರದ ಮನೆಯಲ್ಲಿ ಕೂತು ಹಗ್ಗ ಬಿಡುವವನಿಗೆ ಕೆಳಗೆ ಜನರನ್ನು ಹೊತ್ತಿಳಿಯುವ ಕಬ್ಬಿಣದ ತೊಟ್ಟಿಲು ಕಾಣುವುದಿಲ್ಲ. ಗಂಟೆಯ ಸದ್ದು, ಆಳ ತೋರಿಸುವ ಗಡಿಯಾರದಂಥ ತಟ್ಟೆ, ಅದರ ಮೇಲೆ ತಾನೇ ಎಳೆದುಕೊಂಡ ಸೀಮೆಸುಣ್ಣದ ಗೆರೆ — ಅವೇ ಅವನ ಕಣ್ಣು. ಟೆರೇಸಿನ ಬಾಗಿಲ ಹಿಂದೆ, ಗೋಡೆಯ ಮೇಲೆ ದೊಡ್ಡ ವೃತ್ತ ಬರೆದು, ಒಂದು ಕಡೆ ಗೆರೆ ಎಳೆದಿರಿ.

"ಮುಳ್ಳು ಇಲ್ಲಿಗೆ ಬಂತಾ, ನಿಧಾನ ಮಾಡ್ಬೇಕು. ಅಲ್ಲಿ ಬಂಡೆ ಹೊಟ್ಟೆ ಮುಂದಕ್ಕೆ ಹಾಕ್ಕೊಂಡು ನಿಂತದೆ. ಬಸುರಿ ಹೆಂಗಸಿನ ಪಕ್ಕ ಹೋದಂಗೆ ಹೋಗ್ಬೇಕು."

ಹಳೆಯ ನಕಾಶೆಯಲ್ಲಿ ಬಾವಿ ನೆಟ್ಟಗಿತ್ತು. ನಿಮ್ಮ ಗೆರೆಯನ್ನು ವರದಿಗೆ ಸೇರಿಸಿದ್ದರೆ ಮತ್ತೆ ಅಳತೆ, ಮತ್ತೆ ಕಾಯುವುದು. ಅಷ್ಟರಲ್ಲಿ ಬೇರೆ ಗಣಿಯನ್ನು ಆರಿಸಿಬಿಡುತ್ತಿದ್ದರು. ಎಲ್ಲದಕ್ಕೂ 'ಯಾಕೆ, ಹೇಗೆ' ಎನ್ನುವ ನನಗೆ ಆ ಒಂದು ಗೆರೆಯ ಬಗ್ಗೆ ಮಾತ್ರ ಕುತೂಹಲ ಬೇಡವಾಯಿತು. ಸೀಮೆಸುಣ್ಣವನ್ನು ಯಾರು ನಂಬುತ್ತಾರೆ ಅಂದುಕೊಂಡೆ. ಜಂಭ, ಇನ್ನೇನು!

ಪರೀಕ್ಷೆಯ ದಿನ ಗುಂಡು ಸರಿಯಾಗಿ ಅಲ್ಲೇ ಸಿಕ್ಕಿಕೊಂಡಿತು. ಯಾರಿಗೂ ಏಟಾಗಲಿಲ್ಲ; ಯೋಜನೆ ನಿಂತಿತು. ಜೆ.ಪಿ. ನಗರದ ನಮ್ಮ ಆಫೀಸಿನ ಸಭೆಗೆ ನಿಮ್ಮನ್ನೂ ಕರೆಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಿರಿ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಇವ್ರು ಈ ಬಂಡೆ ವಿಷ್ಯ ನಿಮ್ಗೆ ಹೇಳ್ಲೇ ಇಲ್ವಾ?"

"ಇಲ್ಲ ಸಾರ್," ಅಂದೆ.

ನೀವು ನನ್ನನ್ನು ನೋಡಿದಿರಿ — ಸಿಟ್ಟಿನಿಂದಲ್ಲ, ಕಳೆದುಹೋದದ್ದನ್ನು ಹುಡುಕುವವರ ಹಾಗೆ. ಆಮೇಲೆ ಮೆಲ್ಲಗೆ, "ಮರ್ತಿರ್ಬೇಕು ಸಾರ್. ವಯಸ್ಸಾಯ್ತಲ್ಲ," ಅಂದಿರಿ. ಕುಂಬಳಕಾಯಿ ಕದ್ದವಳು ನಾನು, ಹೆಗಲು ಮುಟ್ಟಿ ನೋಡಿಕೊಂಡವರು ನೀವು.

ಆ ಮಾತನ್ನು ನೀವು ನಂಬಿಯೇಬಿಟ್ಟಿರಿ. ಗ್ಯಾಸ್ ಆರಿಸಿದೆನಾ ಎಂದು ಈಗ ಮೂರು ಸಲ ಎದ್ದು ನೋಡುತ್ತೀರಂತೆ. ದಾರಿ ಮರೆತೀತೆಂಬ ಭಯಕ್ಕೆ ಎರಡು ಬೀದಿಯಾಚೆಯ ಕೆರೆಗೂ ಒಬ್ಬರೇ ಹೋಗುವುದಿಲ್ಲವಂತೆ. ಶೋಭಾ ಹೇಳಿದರು. ಅಷ್ಟೊಂದು ಜನರ ಜೀವವನ್ನು ಬರೀ ನೆನಪಿನ ಬಲದಿಂದ ಇಳಿಸಿ ಹತ್ತಿಸಿದ ಮನುಷ್ಯ!

ಕಳೆದ ಭಾನುವಾರ ಬಂದಾಗ ಬಾಗಿಲ ಹಿಂದಿನ ವೃತ್ತ ಹಾಗೇ ಇತ್ತು. ನೀವು ಗೆರೆಯ ಮೇಲೆ ಬೆರಳಿಟ್ಟು ಕೇಳಿದಿರಿ, "ಇದು ನಾನೇ ಬರ್ದಂಗಿದೆ... ನಿಮ್ಗೇನಾದ್ರೂ ಹೇಳಿದ್ನಾ ಮೇಡಂ?"

ನಾನು ಕಾಫಿ ಕುಡಿದೆ. ಎರಡನೆಯ ಸಲವೂ — ಛೇ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಮುಖ್ಯಸ್ಥರಿಗೆ ಇವತ್ತು ನಿಜ ಬರೆದು ಕಳಿಸಿದ್ದೇನೆ. ನಾಳೆ ಅಂದು ನಿಮ್ಮ ಮಾತು ಬರೆದುಕೊಂಡಿದ್ದ ನೋಟ್‌ಬುಕ್ ಹಿಡಿದು ಯಡಿಯೂರಿಗೆ ಬಂದು, ಶೋಭಾ ಅವರ ಮುಂದೆಯೇ ಓದುತ್ತೇನೆ. ನೀವು ಬೈಯಿರಿ, ಬಾಗಿಲು ಹಾಕಿಕೊಳ್ಳಿ. ಆದರೆ ಆಮೇಲೆ ಕೆರೆಯ ಕಡೆಗೆ ಒಬ್ಬರೇ ಹೊರಡಿ. ನಿಮಗೆ ದಾರಿ ಗೊತ್ತು.