ಅಪ್ಪನ ಅಂಗಿಯ ಫ್ರಾಕು

ಒಳಕೋಣೆಯಿಂದ ಹೊಲಿಗೆ ಮಿಶನ್ನಿನ ಸದ್ದು ಕೇಳಿ, ನಲ್ಲಿಯ ಬಳಿ ಬಟ್ಟೆ ಹಿಂಡುತ್ತಿದ್ದ ಟೈಲರಮ್ಮನ ಕೈ ನಿಂತಿತು. ಆ ಮಿಶನ್ನನ್ನು ಅವಳಲ್ಲದೆ ಇನ್ನಾರೂ ಮುಟ್ಟುತ್ತಿರಲಿಲ್ಲ.

ಉಳಿದ ಬಟ್ಟೆಯನ್ನೆಲ್ಲ ಹಿಂಡಿ ಹರವಿ, ಕೈ ಒರೆಸಿಕೊಂಡು ಒಳಗೆ ಹೋದರೆ, ಕಾಲರು ಸವೆಯಿತೆಂದು ತಾನು ನೆಲ ಒರೆಸಲು ಎಸೆದಿದ್ದ ಗಂಡನ ಅಂಗಿ ಫ್ರಾಕಾಗಿ ಮಗಳ ಮೈಮೇಲಿತ್ತು. ಓರಗಿತ್ತಿ ಗುಂಡಿಪಟ್ಟಿಯನ್ನು ಬೆನ್ನಿಗೆ ತಂದು, ಜೇಬನ್ನು ಬಿಚ್ಚಿ ಮುಂದೆ ಹೊಲಿದಿದ್ದಳು.

"ಅಕ್ಕಾ, ಜೇಬು ವಾರೆಯಾಗಿದೆ."

"ಆಗಿರ್ಲಿ ಬಿಡೇ. ಊರೋರ ಬಟ್ಟೆ ಹೊಲಿಯೋದ್ರಲ್ಲಿ ನಿಂಗೆಲ್ಲಿ ಪುರುಸೊತ್ತು? ಫ್ರಾಕು ಬೇಕು ಅಂತ ಮಗು ಎಷ್ಟು ದಿನ ಕೇಳುತ್ತೆ!"

ಟೈಲರಮ್ಮ ಮಗಳತ್ತ ಕೈ ಚಾಚಿದಳು. "ಬಾ ಪುಟ್ಟಿ, ಬಿಚ್ಚಿ ಸರಿಮಾಡಿ ಕೊಡ್ತೀನಿ."

"ಬೇಡ! ಇದು ದೊಡ್ಡಮ್ಮ ಹೊಲಿದಿದ್ದು." ಮಗಳು ಎರಡೂ ಕೈಯಿಂದ ಜೇಬು ಮುಚ್ಚಿಕೊಂಡಳು.

ಹೋಗಲಿ, ಬೆಳೆಯೋ ಮಗು, ನಾಲ್ಕು ತಿಂಗಳಿಗೆ ಗಿಡ್ಡವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಟೈಲರಮ್ಮ ಬಗ್ಗಿ ಅಂಚು ತಿರುವಿ ನೋಡಿದಳು. ಒಳಗೆ ನಾಲ್ಕು ಬೆರಳಗಲ ಬಟ್ಟೆ ಮಡಿಸಿ ಬಿಟ್ಟಿತ್ತು. ಬಿಚ್ಚಿ ಇಳಿಸಿದರೆ ಇನ್ನೆರಡು ವರ್ಷಕ್ಕೆ ಧಾರಾಳ. ಹಾಗೆ ಬಿಡಬೇಕೆಂದು ಹಿಂದೆ ಹೊಲಿಗೆ ಕಲಿಸುವಾಗ ಓರಗಿತ್ತಿಗೆ ಹೇಳಿಕೊಟ್ಟವಳೂ ತಾನೇ.

ಟೈಲರಮ್ಮ ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡಳು.

"ಇರು ಪುಟ್ಟಿ, ನಿಮ್ಮಪ್ಪಂದು ಇನ್ನೊಂದು ಅಂಗಿ ಇದೆ."

"ಅಯ್ಯೋ, ಅದು ಹೊಸದಲ್ವೇನೇ!" ಎಂದಳು ಓರಗಿತ್ತಿ.

"ಹೊಸದಾದ್ರೆ ಇನ್ನೂ ಒಳ್ಳೇದಾಯ್ತು. ಜೇಬು ಎರಡು ಇಡ್ತೀನಿ, ನೆಟ್ಟಗೆ ಇಡ್ತೀನಿ, ಈಗ್ಲೇ ಅದನ್ನ ತೆಗೆದು..." ಎನ್ನುತ್ತ ಟೈಲರಮ್ಮ ಗಂಡನ ಬೀರುವಿನತ್ತ ನಡೆದೇಬಿಟ್ಟಳು.